ಹಿತ್ತಲ ಮಾತು: ಅಮ್ಮನ ಡಬ್ಬಿಯ ಹನ್ನೊಂದು ಗಂಟು

ಮೇ ತಿಂಗಳು ಬಂತೆಂದರೆ ನನಗೆ ಬರುವ ಪತ್ರಗಳೆಲ್ಲ ಬೀಜದ ಬಗ್ಗೆಯೇ ಇರುತ್ತವೆ. ಜೂನ್ 7, 8ಕ್ಕೆ ಮೃಗಶಿರ ಮಳೆ ಹಿಡಿಯುತ್ತದೆ. ಅಷ್ಟರೊಳಗೆ ಗುಂಡಿ ತೆಗೆದು, ಸುಡುಮಣ್ಣು ಹಾಕಿ, ಬೀಜ ಕೈಯಲ್ಲಿ ಹಿಡಿದು ನಿಂತಿರಬೇಕು, ಅಲ್ವಾ? ಈ ಸಲ ಏಳು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಆ ಪತ್ರವನ್ನು ನಾನು ನಾಲ್ಕು ಸಲ ಓದಿದೆ.

ಪ್ರಶ್ನೆ: ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಹೋದ ತಿಂಗಳು ಊರಿನ ಮನೆ ಸ್ವಚ್ಛ ಮಾಡುವಾಗ ಅಟ್ಟದ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಹಳೆ ಸೀರೆಯ ಚೂರಿನಲ್ಲಿ ಕಟ್ಟಿದ ಹನ್ನೊಂದು ಗಂಟು. ಬಿಚ್ಚಿದರೆ ಎಲ್ಲವೂ ಬೀಜ, ಬೂದಿ ಮೆತ್ತಿಕೊಂಡಿವೆ. ಯಾವುದಕ್ಕೂ ಹೆಸರಿಲ್ಲ. ಅಮ್ಮ ಹಿತ್ತಲಲ್ಲಿ ಇರುತ್ತಿದ್ದಾಗ ನಾನು ಓದು, ಕೆಲಸ ಅಂತ ಇದ್ದುಬಿಟ್ಟೆ. ಒಂದು ದಿನವೂ ಕೇಳಲಿಲ್ಲ. ಇವು ಮೊಳೆಯುತ್ತವೆಯೇ? ಈ ಮಳೆಗೆ ಎಲ್ಲ ಬಿತ್ತಿಬಿಡಲೇ?
– ಓದುಗರು, ಸಾಗರ

ಉತ್ತರ: ತಂಗಿ, ಎಲ್ಲ ಬಿತ್ತಬೇಡಿ. ಮೊದಲು ಹೇಳಬೇಕಾದ್ದು ಇದೇ. ಪ್ರತಿ ಗಂಟಿನಲ್ಲೂ ಅರ್ಧ ಬೀಜ ಹಾಗೇ ಇರಲಿ. ಮಳೆ ಕೈಕೊಟ್ಟರೆ, ಹಂದಿ ನುಗ್ಗಿದರೆ, ನಿಮಗೇ ಜ್ವರ ಬಂದು ಮಲಗಿದರೆ, ಇನ್ನೊಂದು ವರ್ಷಕ್ಕೆ ಬೇಕಲ್ಲ.

ಹೆಸರಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಬೀಜದ ಮುಖ ನೋಡಿದರೆ ಅರ್ಧ ಗೊತ್ತಾಗುತ್ತದೆ. ಹಗಲು ಬೆಳಕಿನಲ್ಲಿ ಒಂದು ಬಿಳಿ ಬಟ್ಟೆ ಹಾಸಿ, ಬೂದಿ ಒರೆಸಿ ನೋಡಿ. ಕಪ್ಪಗೆ, ಚಪ್ಪಟೆ, ಮೈ ಒರಟು ಇದ್ದರೆ ಹೀರೆ. ಕಂದು ಬಣ್ಣ, ಅಂಚಿಗೆ ಕೆತ್ತನೆ ಮಾಡಿದ ಹಾಗಿದ್ದರೆ ಹಾಗಲ ಅಥವಾ ಪಡುವಲ. ಪಡುವಲದ್ದು ದೊಡ್ಡದು. ಉದ್ದಕ್ಕೆ ಎರಡು ಗೆರೆ, ಒಂದು ತುದಿಯಲ್ಲಿ ಎರಡು ಸಣ್ಣ ಕಿವಿ ಇದ್ದರೆ ಸೋರೆ. ತೆಳ್ಳಗೆ, ಕೆನೆ ಬಣ್ಣ, ಎರಡೂ ತುದಿ ಚೂಪು ಇದ್ದರೆ ಸೌತೆ ಇಲ್ಲವೇ ಮೊಗೆಕಾಯಿ. ಕಾಳುಮೆಣಸಿನ ಹಾಗೆ ದುಂಡಗೆ, ಬೂದುಹಸಿರು ಇದ್ದರೆ ಬೆಂಡೆ. ಸಾಸಿವೆಗಿಂತ ಸಣ್ಣದು, ಕಪ್ಪಗೆ ಮಿಂಚುತ್ತಿದ್ದರೆ ಹರಿವೆ. ಒಂದು ಬದಿಗೆ ಬಿಳಿ ಹುಬ್ಬು ತೀಡಿದ ಹಾಗೆ ಇದ್ದರೆ ಅವರೆ. ಬದನೆಗೂ ಮೆಣಸಿಗೂ ಬೀಜ ಹೆಚ್ಚುಕಮ್ಮಿ ಒಂದೇ ತರ, ಹಳದಿ, ಚಪ್ಪಟೆ. ಮೂಗಿನ ಹತ್ತಿರ ಹಿಡಿದರೆ ಮೆಣಸು ತಾನೇ ಹೇಳುತ್ತದೆ.

ಆಮೇಲೆ ಮೊಳಕೆ ನೋಡಿ. ಪ್ರತಿ ಗಂಟಿನಿಂದ ಹತ್ತು ಬೀಜ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಲೆಯ ಹತ್ತಿರ ಬೆಚ್ಚಗೆ ಇಡಿ. ಬಟ್ಟೆ ಒಣಗಲು ಬಿಡಬೇಡಿ, ನೀರಲ್ಲಿ ತೇಲಿಸಲೂಬೇಡಿ. ಬೆಂಡೆ, ಅಲಸಂದೆ, ಸೌತೆ ನಾಲ್ಕೈದು ದಿನದಲ್ಲಿ ಒಡೆಯುತ್ತವೆ. ಬದನೆ, ಮೆಣಸಿಗೆ ಎರಡು ವಾರ ಬೇಕು. ಹಾಗಲದ ಸಿಪ್ಪೆ ಗಟ್ಟಿ, ಅದನ್ನು ಮೊದಲು ಒಂದು ರಾತ್ರಿ ನೆನೆಸಿ. ಹತ್ತರಲ್ಲಿ ಏಳು ಬಂದರೆ ಬೀಜ ಚೆನ್ನಾಗಿದೆ. ಮೂರೇ ಬಂದರೆ ಗುಂಡಿಗೆ ಎರಡರ ಬದಲು ಆರು ಹಾಕಿ. ತೇವ ತಾಗದೆ ಇದ್ದರೆ ಸೌತೆ, ಸೋರೆ, ಕುಂಬಳದ ಜಾತಿ ನಾಲ್ಕೈದು ವರ್ಷ ತಡೆಯುತ್ತದೆ. ಬದನೆ, ಅವರೆ ಮೂರು ವರ್ಷ. ಬೆಂಡೆ ಮತ್ತು ಮೆಣಸು ಎರಡು ವರ್ಷಕ್ಕೇ ಸೋಲುತ್ತವೆ. ಹಾಗಾಗಿ ಈ ಎರಡನ್ನು ಈ ಮಳೆಗೇ ಮಣ್ಣಿಗೆ ಹಾಕಿ, ಇನ್ನೊಂದು ವರ್ಷ ಕಾಯಬೇಡಿ. ಅವುಗಳಲ್ಲಿ ಅರ್ಧ ಎತ್ತಿಡುವ ಬದಲು ಕಾಲು ಭಾಗ ಎತ್ತಿಟ್ಟರೆ ಸಾಕು.

ಬೀಜ ಮೊಳೆಯದಿದ್ದರೆ? ಆಗ ಅಕ್ಕಪಕ್ಕದ ಮನೆಗೆ ಹೋಗಿ. ಇದನ್ನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ನನಗೆ ಆದದ್ದನ್ನು ಹೇಳುತ್ತೇನೆ.

ನಾನು ಮದುವೆಯಾಗಿ ಶಿರಸಿ ಕಡೆಯ ಈ ಮನೆಗೆ ಬಂದ ಮೊದಲ ಮಳೆಗಾಲ. ಹಿತ್ತಲಲ್ಲಿ ಒಂದು ಸಾಲು ಹಾಲುಬೆಂಡೆ ಇತ್ತು. ಬಿಳಿ ಹಸಿರು, ದಪ್ಪ, ಗೇಣುದ್ದ ಆದರೂ ನಾರು ಬರದ ಬೆಂಡೆ. ಅದರಲ್ಲಿ ಮೂರು ಗಿಡಕ್ಕೆ ಅತ್ತೆ ಕೆಂಪು ಬಟ್ಟೆಚೂರು ಕಟ್ಟಿದ್ದರು. ದೃಷ್ಟಿ ಆಗದಿರಲಿ ಎಂದು ಕಟ್ಟಿದ್ದಿರಬೇಕು ಎಂದುಕೊಂಡೆ. ಅತ್ತೆ ತವರಿಗೆ ಹೋದ ವಾರ ಮನೆಗೆ ನೆಂಟರು ಬಂದರು. ಸಾಲಿನಲ್ಲಿದ್ದ ಕಾಯಿಗಳನ್ನೆಲ್ಲ ಕೊಯ್ದು ಗೊಜ್ಜು ಮಾಡಿದೆ. ಆ ಮೂರು ಗಿಡದ್ದನ್ನೂ ಬಿಡಲಿಲ್ಲ. ಅದರ ಹಿಂದೆಯೇ ಆಶ್ಲೇಷ ಮಳೆ ಎಂಟು ದಿನ ಬಿಡದೆ ಹೊಡೆಯಿತು. ಬುಡದಲ್ಲಿ ನೀರು ನಿಂತು ಇಡೀ ಸಾಲು ಕೊಳೆತುಹೋಯಿತು. ಆ ವರ್ಷ ಒಂದು ಬೀಜವೂ ಉಳಿಯಲಿಲ್ಲ.

ಅತ್ತೆ ಬಂದರು, ನೋಡಿದರು. ಬಯ್ಯಲಿಲ್ಲ. ಬಟ್ಟೆ ಕಟ್ಟಿದ ಗಿಡ ಬೀಜಕ್ಕೆ ಬಿಟ್ಟದ್ದು ಎಂದಷ್ಟೇ ಹೇಳಿದರು. ಅದು ಅವರ ಅತ್ತೆಯ ಕಾಲದಿಂದ ಬಂದ ಬೆಂಡೆ ಎಂದು ನನಗೆ ಗೊತ್ತಾದದ್ದು ಆವತ್ತೇ. ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಅತ್ತೆ ನನ್ನನ್ನು ಕರೆದುಕೊಂಡು ಕೆಳಗಿನ ಕೇರಿಯ ಒಂದು ಮನೆಗೆ ಹೋದರು. ಅಲ್ಲಿ ಹಿತ್ತಲ ದಿಬ್ಬದಲ್ಲಿ ಅದೇ ಬೆಂಡೆ ನಿಂತಿತ್ತು, ಕಾಯಿ ಒಣಗಿ ಬಿರಿಯುವ ಹೊತ್ತು. ಎಂಟು ವರ್ಷದ ಹಿಂದೆ ಅತ್ತೆಯೇ ಕೊಟ್ಟ ಬೀಜ ಅದು. ಆ ಮನೆಯ ಯಜಮಾನಿ ಒಂದು ಮುಷ್ಟಿ ಬೀಜ ಕೊಟ್ಟು, "ನಿಮ್ಮದೇ ಅಲ್ದಾ" ಎಂದರು. ಈಗ ನಾನು ಪ್ರತಿ ವರ್ಷ ಕಡಿಮೆ ಎಂದರೂ ಐದು ಮನೆಗೆ ಬೀಜ ಕೊಡುತ್ತೇನೆ.

ನಿಮ್ಮ ಅಮ್ಮನೂ ಕೊಟ್ಟಿರುತ್ತಾರೆ. ಡಬ್ಬಿ ಹಿಡಿದುಕೊಂಡೇ ಹೋಗಿ. ಅಮ್ಮನ ಓರಗೆಯವರು ಯಾರಿದ್ದಾರೆ, ಅವರ ಮುಂದೆ ಗಂಟು ಬಿಚ್ಚಿ. ಇದು ಬಿಳಿ ಮೊಗೆಕಾಯಿ, ಇದನ್ನು ಶಿವರಾತ್ರಿ ಹೊತ್ತಿಗೆ ಗದ್ದೆಯಲ್ಲಿ ಹಾಕುತ್ತಿದ್ದಳು, ಇದು ಅವಳ ತವರಿನ ಹೀರೆ, ಹೀಗೆ ಒಂದೊಂದೇ ಬರುತ್ತದೆ. ಅದನ್ನೆಲ್ಲ ಅಲ್ಲೇ ಚೀಟಿಯಲ್ಲಿ ಬರೆದು ಗಂಟಿಗೆ ಕಟ್ಟಿ. ಹೆಸರು, ಯಾವ ಮಳೆಗೆ ಬಿತ್ತುವುದು, ಯಾರ ಮನೆಯಿಂದ ಬಂದದ್ದು, ಈ ಮೂರು ಸಾಕು. ಅಮ್ಮನಿಗೆ ಬರೆದಿಡುವ ಅಗತ್ಯ ಬರಲಿಲ್ಲ, ಅವರ ತಲೆಯಲ್ಲಿ ಇತ್ತು. ನಿಮಗೆ ಬೇಕು.

ಬೆಳೆ ಬಂದ ಮೇಲೆ ಬೀಜಕ್ಕೆ ಆರಿಸುವುದು ಇನ್ನೊಂದು ಪಾಠ. ಒಂದೇ ಗಿಡದ ಒಂದೇ ಕಾಯಿಯಿಂದ ಬೀಜ ತೆಗೆಯಬೇಡಿ. ಮೂರು, ನಾಲ್ಕು ಒಳ್ಳೆಯ ಗಿಡ ನೋಡಿಟ್ಟುಕೊಳ್ಳಿ. ರೋಗ ಬಾರದ, ಗಾಳಿಗೆ ಬಾಗದ, ಮೊದಲೇ ಫಲ ಕೊಟ್ಟ ಗಿಡ. ತೀರಾ ಕೊನೆಯ ಬಡಕಲು ಕಾಯಿಯನ್ನು ಬೀಜಕ್ಕೆ ಬಿಡುವವರು ಜಾಸ್ತಿ. ತಿನ್ನಲು ಬಾರದ್ದು ಬೀಜಕ್ಕಾದರೂ ಆಗಲಿ ಎಂಬ ಲೆಕ್ಕ. ಅದರಿಂದಲೇ ವರ್ಷವರ್ಷಕ್ಕೂ ತಳಿ ಸಣಕಲಾಗುತ್ತದೆ. ಎಲ್ಲಕ್ಕಿಂತ ಚೆಂದದ ಕಾಯಿಯನ್ನು ತಿನ್ನದೆ ಬಿಡಬೇಕು. ಕಷ್ಟವೇ, ಗೊತ್ತು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರಿಗೆ ಪದ್ಮಶ್ರೀ ಬಂದಾಗ ಊರೆಲ್ಲ ಅವರು ನೆಟ್ಟ ಗಿಡಗಳ ಮಾತಾಡಿತು. ಕಾಡಿನಲ್ಲಿ ಬೀಜಕ್ಕೆ ಯೋಗ್ಯವಾದ ತಾಯಿಮರ ಯಾವುದೆಂದು ಗುರುತಿಸುತ್ತಿದ್ದ ಅವರ ಕಣ್ಣು ಅದಕ್ಕಿಂತ ದೊಡ್ಡದಾಗಿತ್ತು ಎಂದು ನನಗೆ ಅನಿಸುತ್ತದೆ. ಶಾಲೆಗೆ ಹೋದವರಲ್ಲ ಅವರು. ಆ ಕಣ್ಣು ಬರುವುದು ನೋಡಿ ನೋಡಿ. ನಿಮಗೂ ಬರುತ್ತದೆ, ನಾಲ್ಕು ಮಳೆಗಾಲ ಕೊಡಿ.

ಪ್ರಶ್ನೆ: ನಾನು ಏಳನೇ ತರಗತಿ. ನಮ್ಮ ಅಜ್ಜಿ ಸೌತೆ ಬೀಜವನ್ನು ಸಗಣಿ ಜೊತೆ ಕಲಸಿ ಅಡಿಗೆಮನೆಯ ಗೋಡೆಗೆ ಮೆತ್ತುತ್ತಾರೆ. ಏಕೆ?
– ವಿದ್ಯಾರ್ಥಿ, ಯಲ್ಲಾಪುರ

ಉತ್ತರ: ಮಗೂ, ಒಳ್ಳೆ ಪ್ರಶ್ನೆ. ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ನೀನೂ ನೋಡಿದ್ದೀ. ಬೀಜಕ್ಕೆ ಆ ತೇವವೇ ಶತ್ರು. ತೇವ ತಾಗಿದರೆ ಬೂಷ್ಟು ಹಿಡಿಯುತ್ತದೆ, ಇಲ್ಲವೇ ಸುಮ್ಮನೆ ಮುಗ್ಗಿ ಸಾಯುತ್ತದೆ. ಮನೆಯಲ್ಲಿ ಯಾವಾಗಲೂ ಒಣಗಿ ಬೆಚ್ಚಗಿರುವ ಜಾಗ ಒಲೆಯ ಹಿಂದಿನ ಗೋಡೆ. ಸಗಣಿ, ಬೂದಿ ಒಣಗಿ ಬೀಜದ ಸುತ್ತ ಒಂದು ಚಿಪ್ಪಿನಂತೆ ಆಗುತ್ತದೆ. ಹೊಗೆಗೆ ಹುಳ ಬರುವುದಿಲ್ಲ. ಇನ್ನೊಂದು ಕಾರಣ ಇದೆ. ಡಬ್ಬಿಯಲ್ಲಿಟ್ಟ ಬೀಜ ಮರೆತುಹೋಗುತ್ತದೆ. ಗೋಡೆಯ ಮೇಲಿದ್ದರೆ ಅಜ್ಜಿ ದಿನಾ ಅನ್ನ ಬಸಿಯುವಾಗ ನೋಡುತ್ತಿರುತ್ತಾರೆ.

ನಿಮ್ಮ ಮನೆಯಲ್ಲಿ ಗ್ಯಾಸ್ ಒಲೆ ಮಾತ್ರ ಇದ್ದರೆ ಗೋಡೆಗೆ ಹೊಗೆ ಸಿಗುವುದಿಲ್ಲ. ಆಗ ನೆರಳಲ್ಲಿ ಚೆನ್ನಾಗಿ ಒಣಗಿಸಿದ ಬೀಜವನ್ನು ಗಾಜಿನ ಬಾಟಲಿಗೆ ಹಾಕಿ, ಮೇಲೆ ಕೆಳಗೆ ಬೂದಿ ತುಂಬಿ ಮುಚ್ಚಳ ಬಿಗಿ ಮಾಡು.

ಮನೆಯ ಅಟ್ಟದ ಕೆಳಗೆ ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ ಮೊಗೆಕಾಯಿ ಇದೆಯಾ ನೋಡು. ಬೆಂಗಳೂರಿನವರು ಮಂಗಳೂರು ಸೌತೆ ಎನ್ನುವುದು ಅದನ್ನೇ. ಬೇಸಿಗೆಯಲ್ಲಿ ಬೆಳೆದದ್ದು, ಗಾಳಿಯಾಡುವಂತೆ ತೂಗಿಸಿದರೆ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಅಂಗಡಿಗೆ ಹೋಗಲು ಹಳ್ಳ ದಾಟಬೇಕಿದ್ದ ಕಾಲದಲ್ಲಿ ಇಡೀ ಮಳೆಗಾಲದ ಹುಳಿ ಅದರಿಂದಲೇ ಆಗುತ್ತಿತ್ತು. ಈ ವರ್ಷ ಅಜ್ಜಿ ಗೋಡೆಯ ಬೀಜ ಕಿತ್ತು ಬಿತ್ತುವಾಗ ನೀನು ಪಕ್ಕದಲ್ಲಿರು. ಎಷ್ಟು ಹಾಕಿದರು, ಎಷ್ಟು ಹುಟ್ಟಿತು, ಬರೆದು ನನಗೆ ಕಳಿಸು. ನಿನ್ನ ಪತ್ರಕ್ಕೆ ಕಾಯುತ್ತೇನೆ.

ಪ್ರಶ್ನೆ: ನಮ್ಮದು ತಾತನ ಕಾಲದ ಸೋರೆ ಬೀಜ. ಪ್ರತಿ ವರ್ಷ ಸಿಹಿಯಾಗಿ ಬರುತ್ತಿತ್ತು. ಈ ಸಲ ಒಂದು ಬಳ್ಳಿಯ ಕಾಯಿ ಪೂರಾ ಕಹಿ. ಪಕ್ಕದ ಮನೆಯವರ ಬಳ್ಳಿ ಬೇಲಿಗೆ ತಾಗಿದೆ, ಅದರಿಂದ ಕಹಿ ಬಂತಾ? ಉಪ್ಪು ನೀರಲ್ಲಿ ನೆನೆಸಿ ಅಡುಗೆ ಮಾಡಬಹುದಾ?
– ಓದುಗರು, ದಾವಣಗೆರೆ

ಉತ್ತರ: ಮಾಡಬೇಡಿ. ದಯವಿಟ್ಟು ಮಾಡಬೇಡಿ. ಉಪ್ಪು, ಹುಣಸೆ, ಬೆಲ್ಲ ಯಾವುದೂ ಆ ಕಹಿಯನ್ನು ತೆಗೆಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷ ಇರುತ್ತದೆ. ಹಾಗಲದ ಕಹಿ ಬೇರೆ, ಇದು ಬೇರೆ. ವಾಂತಿ, ಭೇದಿ, ರಕ್ತ ವಾಂತಿಯ ತನಕ ಹೋಗಬಹುದು. ಕಹಿ ಸೋರೆಯ ರಸ ಕುಡಿದು ಪ್ರಾಣ ಹೋದ ಪ್ರಕರಣಗಳು ನಮ್ಮ ದೇಶದಲ್ಲೇ ಆಗಿವೆ. ಅಡುಗೆಗೆ ಮೊದಲು ತುದಿಯ ಒಂದು ಚೂರು ನಾಲಿಗೆಗೆ ತಾಗಿಸಿ ನೋಡುವುದು ನಮ್ಮ ಹಿರಿಯರ ಅಭ್ಯಾಸ. ಅದನ್ನು ಬಿಡಬೇಡಿ. ಕಹಿ ಎನಿಸಿದರೆ ಉಗಿದು, ಕಾಯಿ ಎಸೆಯಿರಿ. ತಿಂದ ಮೇಲೆ ಹೊಟ್ಟೆ ಕೆಟ್ಟರೆ ತಕ್ಷಣ ಆಸ್ಪತ್ರೆಗೆ ಹೋಗಿ, ಸೋರೆ ತಿಂದದ್ದನ್ನು ಡಾಕ್ಟರಿಗೆ ಹೇಳಿ.

ಇನ್ನು ಪಕ್ಕದ ಮನೆಯವರ ಮಾತು. ಈ ವರ್ಷದ ಅವರ ಬಳ್ಳಿಯಿಂದ ನಿಮ್ಮ ಈ ವರ್ಷದ ಕಾಯಿ ಕಹಿಯಾಗುವುದಿಲ್ಲ. ಕಾಯಿಯ ತಿರುಳು ಬರುವುದು ತಾಯಿ ಬಳ್ಳಿಯಿಂದ. ಹೊರಗಿನ ಪರಾಗದ ಗುಣ ಒಳಗಿನ ಬೀಜಕ್ಕೆ ಹೋಗುತ್ತದೆ. ಅಂದರೆ ಬೆರಕೆ ಆದದ್ದು ಹಿಂದಿನ ವರ್ಷಗಳಲ್ಲಿ, ನೀವು ಬೀಜಕ್ಕೆ ಬಿಟ್ಟ ಕಾಯಿಯಲ್ಲಿ. ಬುರುಡೆಗೆಂದೋ, ಬೇಲಿಯಲ್ಲಿ ತಾನಾಗಿಯೋ ಬೆಳೆದ ಕಹಿ ಸೋರೆ ಸುತ್ತಮುತ್ತ ಎಲ್ಲೋ ಇದ್ದಿರಬೇಕು. ಹುಳುಗಳು ಪರಾಗವನ್ನು ದೂರ ಒಯ್ಯುತ್ತವೆ. ಹಾಗಾಗಿ ಪಕ್ಕದ ಮನೆಯವರ ಜೊತೆ ಜಗಳ ಬೇಡ.

ಕಹಿ ಬಳ್ಳಿಯನ್ನು ಬುಡಸಮೇತ ಕಿತ್ತುಹಾಕಿ. ಸಿಹಿ ಕಾಯಿ ಕೊಟ್ಟ ಬಳ್ಳಿಯಲ್ಲಿ ಬೀಜಕ್ಕೆಂದು ಎರಡು ಹೂವನ್ನು ಕೈಯಿಂದ ಕೂಡಿಸಿ. ಸೋರೆ ಹೂ ಅರಳುವುದು ಸಂಜೆ. ಮಧ್ಯಾಹ್ನವೇ ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಮೊಗ್ಗಿನ ತುದಿಗೆ ಮೆತ್ತಗೆ ದಾರ ಸುತ್ತಿ. ಒಂದು ಗಂಡು ಮೊಗ್ಗಿಗೂ ಸುತ್ತಿ. ಕತ್ತಲಾಗುವ ಹೊತ್ತಿಗೆ ಎರಡರ ದಾರವನ್ನೂ ಬಿಚ್ಚಿ, ಗಂಡು ಹೂವಿನ ಎಸಳು ತೆಗೆದು ಹೆಣ್ಣು ಹೂವಿನ ಒಳಗೆ ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿ. ತೊಟ್ಟಿಗೊಂದು ಬಣ್ಣದ ಚೂರು ಕಟ್ಟಿ ಗುರುತು ಮಾಡಿ. ಆ ಕಾಯಿ ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಒಳಗೆ ಗಲಗಲ ಎನ್ನಬೇಕು. ಒಂದೇ ಕಾಯಿಯಲ್ಲಿ ನೂರಾರು ಬೀಜ ಇರುತ್ತದೆ. ತಾತನ ಸೋರೆ ಉಳಿಯುತ್ತದೆ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮಮ್ಮ ಬೆಳೆಯುವ ಚಪ್ಪರದ ಅವರೆಯನ್ನೇ ಇಲ್ಲಿ ನ್ಯೂಜೆರ್ಸಿಯ ಹಿತ್ತಲಲ್ಲಿ ಮೂರು ವರ್ಷದಿಂದ ಹಾಕುತ್ತಿದ್ದೇನೆ. ಬಳ್ಳಿ ಬೇಲಿ ಹತ್ತಿ ಮರ ಹತ್ತುತ್ತದೆ. ಹೂ ಮಾತ್ರ ಇಲ್ಲ. ಅಕ್ಟೋಬರ್‌ನಲ್ಲಿ ಹಿಮ ಬಿದ್ದು ಸಾಯುತ್ತದೆ. ಗೊಬ್ಬರ ಸಾಲದೇ?
– ಓದುಗರು, ನ್ಯೂಜೆರ್ಸಿ

ಉತ್ತರ: ಗೊಬ್ಬರ ಜಾಸ್ತಿಯೇ ಆಗಿರಬೇಕು, ಅದನ್ನು ನಿಲ್ಲಿಸಿ. ನಿಜವಾದ ಕಾರಣ ಹಗಲು. ನಮ್ಮ ಹಳೆಯ ಅವರೆ ತಳಿಗಳು ಹಗಲು ಚಿಕ್ಕದಾಗುವ ತನಕ ಹೂ ಬಿಡುವುದಿಲ್ಲ. ಜೂನ್‌ನಲ್ಲಿ ಬಿತ್ತಿ, ಆಗಸ್ಟ್‌ನಲ್ಲಿ ಬಿತ್ತಿ, ನಮ್ಮ ಚಪ್ಪರದಲ್ಲಿ ಹೂ ಕಾಣುವುದು ದೀಪಾವಳಿಯ ಆಸುಪಾಸಿನಲ್ಲೇ. ಮೈಸೂರು, ಬೆಂಗಳೂರಿನಲ್ಲಿ ಸೊಗಡಿನ ಅವರೆ ಡಿಸೆಂಬರ್, ಜನವರಿಯಲ್ಲಿ ಬರುವುದೂ ಇದಕ್ಕೇ. ನ್ಯೂಜೆರ್ಸಿಯಲ್ಲಿ ಜೂನ್ ಹಗಲು 15 ಗಂಟೆ. ಸೆಪ್ಟೆಂಬರ್ ಕೊನೆಗೆ ಹಗಲು 12 ಗಂಟೆಗೆ ಇಳಿಯುತ್ತದೆ. ಬಳ್ಳಿ ಹೂ ಬಿಡಲು ಮನಸ್ಸು ಮಾಡುವಷ್ಟರಲ್ಲಿ ನಿಮ್ಮ ಹಿಮ ಬಂದಿರುತ್ತದೆ.

ಅಮ್ಮನ ಅವರೆಯೇ ಬೇಕು ಎಂದರೆ ಒಂದು ದಾರಿ ಇದೆ. ದೊಡ್ಡ ಕುಂಡದಲ್ಲಿ ಹಾಕಿ, ಕುಡಿ ಚಿವುಟಿ ಗಿಡ್ಡ ಇಡಿ. ಆಗಸ್ಟ್ ಮೊದಲ ವಾರದಿಂದ ದಿನಾ ಸಂಜೆ 6ರಿಂದ ಬೆಳಿಗ್ಗೆ 8ರ ತನಕ ಬೆಳಕು ತೂರದ ಜಾಗದಲ್ಲಿಡಿ ಅಥವಾ ಕಪ್ಪು ದಪ್ಪ ಬಟ್ಟೆ ಮುಚ್ಚಿ. ಹೂಗೊಂಚಲು ಕಾಣುವ ತನಕ ಒಂದು ದಿನವೂ ತಪ್ಪಿಸಬೇಡಿ. ಬೀದಿ ದೀಪದ ಬೆಳಕೂ ತಾಗಬಾರದು. ಶ್ರಮದ ಕೆಲಸ, ಆದರೆ ಮೂರು ವರ್ಷ ಬಳ್ಳಿ ಕಾದವರು ನೀವು, ಮಾಡುತ್ತೀರಿ. ಶ್ರಮ ಬೇಡವೆಂದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೊರತಂದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಎಂಬ ತಳಿಗಳಿವೆ. ಅವು ಪೊದೆ ಅವರೆ, ಹಗಲಿನ ಉದ್ದ ನೋಡದೆ ಹೂ ಬಿಡುತ್ತವೆ. ಸೊಗಡು ಮಾತ್ರ ಅಮ್ಮನ ಚಪ್ಪರದಷ್ಟು ಬರುವುದಿಲ್ಲ. ಆ ಎಣ್ಣೆಯ ವಾಸನೆ, ಇಬ್ಬನಿ ಬಿದ್ದ ಸೊಪ್ಪಿನ ವಾಸನೆ, ಅದೇ ಬೇರೆ.

ಬೀಜವನ್ನು ಸೂಟ್‌ಕೇಸಿನಲ್ಲಿ ಸೀರೆ ನಡುವೆ ಇಟ್ಟು ಒಯ್ಯಬೇಡಿ. ಯಾವ ಬೀಜಕ್ಕೆ ಅನುಮತಿ ಇದೆ, ಏನು ಕಾಗದ ಬೇಕು ಎಂದು ಅಲ್ಲಿನ ಕೃಷಿ ಇಲಾಖೆಯಲ್ಲಿ ಮೊದಲೇ ಕೇಳಿ. ನಮ್ಮ ಹುಳ, ನಮ್ಮ ರೋಗ ಬೀಜದ ಜೊತೆ ಅಲ್ಲಿಗೆ ಹೋದರೆ ಅಲ್ಲಿನ ಹಿತ್ತಲುಗಳಿಗೆ ಕೇಡು. ಇನ್ನೊಂದು ಕೆಲಸ ಮಾಡಿ. ಮೈಸೂರಿನಲ್ಲೇ ಇರುವ ಅಣ್ಣನೋ ಅತ್ತಿಗೆಯೋ ಅಮ್ಮನ ಅವರೆಯನ್ನು ಪ್ರತಿ ವರ್ಷ ಒಂದು ಪಾತಿಯಾದರೂ ಹಾಕುವಂತೆ ನೋಡಿಕೊಳ್ಳಿ. ನಿಮ್ಮ ಕುಂಡ ಸೋತರೆ ಮತ್ತೆ ಕೇಳಲು ಒಂದು ಮನೆ ಇರಬೇಕು.

ಪ್ರಶ್ನೆ: ನಮ್ಮ ಮಹಿಳಾ ಸಂಘದವರು ಮನೆ ಬೀಜವನ್ನು ಪೊಟ್ಟಣ ಮಾಡಿ ಸಂತೆಯಲ್ಲಿ ಮಾರಬೇಕೆಂದಿದ್ದೇವೆ. ಕಾನೂನಿನ ತೊಂದರೆ ಆಗುತ್ತದೆ ಎಂದು ಒಬ್ಬರು ಹೆದರಿಸಿದರು.
– ಸಂಘದ ಸದಸ್ಯೆ, ಸೊರಬ

ಉತ್ತರ: 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ರೈತರಿಗೆ ತಮ್ಮ ಬೀಜವನ್ನು ಉಳಿಸುವ, ಬಿತ್ತುವ, ಬದಲಿಸಿಕೊಳ್ಳುವ, ಹಂಚುವ, ಮಾರುವ ಹಕ್ಕು ಕೊಟ್ಟಿದೆ. ಕಾಯಿದೆಯಲ್ಲಿ ಸಂರಕ್ಷಿತವಾದ ತಳಿಯನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ. ನಿಮ್ಮದು ಅಜ್ಜಿಯರ ಹೀರೆ, ಹರಿವೆ. ಧೈರ್ಯವಾಗಿರಿ. ಆದರೂ ದೊಡ್ಡದಾಗಿ ವ್ಯಾಪಾರ ಮಾಡುವ ಮನಸ್ಸಿದ್ದರೆ ಪರವಾನಗಿ ವಿಷಯ ತಾಲೂಕಿನ ಕೃಷಿ ಇಲಾಖೆಯಲ್ಲಿ ಕೇಳಿಕೊಳ್ಳಿ. ಹಿತ್ತಲ ಬೀಜ ಉಳಿಸುವ ಶಿರಸಿಯ ವನಸ್ತ್ರೀ ಗುಂಪಿನ ಹೆಂಗಸರು ಮಳೆಗಾಲಕ್ಕೆ ಮೊದಲು ಮಲೆನಾಡ ಮೇಳ ಮಾಡುತ್ತಾರೆ. ಅಲ್ಲಿಗೆ ಒಮ್ಮೆ ಬಂದು ನೋಡಿ. ಪೊಟ್ಟಣದ ಮೇಲೆ ಬೀಜ ಆದ ತಿಂಗಳು, ಊರು ಬರೆಯಿರಿ. ಮೊಳಕೆ ನೋಡದೆ ಒಂದು ಪೊಟ್ಟಣವನ್ನೂ ಕೊಡಬೇಡಿ. ಅಂಗಡಿಯ ಹೈಬ್ರಿಡ್ ಟೊಮೆಟೊದಿಂದ ತೆಗೆದ ಬೀಜ ಬೆರೆಸಬೇಡಿ, ಅದು ಮುಂದಿನ ಸಲ ತಾಯಿಯ ಹಾಗೆ ಬರುವುದಿಲ್ಲ.

ಪ್ರಶ್ನೆ: ನನಗೆ 71. ಹಿತ್ತಲು ನಾನೊಬ್ಬಳೇ ನೋಡುವುದು. ಸೊಸೆ ಶಾಲೆಯಲ್ಲಿ ಟೀಚರ್, ಮಣ್ಣು ಮುಟ್ಟುವುದಿಲ್ಲ. ನನ್ನ ನಂತರ ಬಸಳೆ ಚಪ್ಪರಕ್ಕೆ ನೀರು ಹಾಕುವವರೂ ಇಲ್ಲ. ನಮ್ಮ ಮನೆಯ ಹೆಂಗಸರು ಐದು ತಲೆಮಾರು ಮಾಡಿದ ಹಿತ್ತಲು ಇದು. ಸಂಕಟವಾಗುತ್ತದೆ.
– ಓದುಗರು, ಕುಂದಾಪುರ

ಉತ್ತರ: ಅಕ್ಕಾ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಬೇಡಿ. ನಿಮ್ಮ ಪತ್ರ ಎರಡು ಪುಟ ಇದೆ. ಸೊಸೆಯ ಬಗ್ಗೆ ಒಂದು ಪುಟ. ಮಗನ ಬಗ್ಗೆ ಒಂದು ಸಾಲೂ ಇಲ್ಲ.

ಸೊಸೆ ಸಂಜೆ ಐದೂವರೆಗೆ ಬರುತ್ತಾಳೆ, ಬಂದು ಅಡುಗೆ ಮಾಡುತ್ತಾಳೆ ಎಂದು ನೀವೇ ಬರೆದಿದ್ದೀರಿ. ಅವಳ ಕಣ್ಣಿಗೆ ಹಿತ್ತಲು ಇನ್ನೊಂದು ಕೆಲಸ. ನಮಗೆ ಹಿತ್ತಲು ಮನೆಯ ಗದ್ದಲದಿಂದ ತಪ್ಪಿಸಿಕೊಂಡು ಉಸಿರಾಡುವ ಜಾಗ ಆಗಿತ್ತು. ಕಾಲ ಬದಲಾಗಿದೆ. ಮಗನನ್ನು ಕರೆಯಿರಿ. ನನ್ನ ಮಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ. ತೊಂಡೆ ಬಳ್ಳಿ ಸವರುವುದನ್ನು ಅವನಿಗೆ ಕಲಿಸಿದ್ದು ಅವನ 34ನೇ ವಯಸ್ಸಿನಲ್ಲಿ. ಅವನೂ ಇದು ಹೆಂಗಸರ ಕೆಲಸ ಎಂದೇ ತಿಳಿದಿದ್ದ. ಆ ತಿಳಿವಳಿಕೆ ನನ್ನಿಂದಲೇ ಹೋಗಿದ್ದು ಅವನಿಗೆ. ಈಗ ಅವನ ಮನೆಯ ಮಹಡಿಯಲ್ಲಿ ನಾಲ್ಕು ಬಳ್ಳಿ ಇವೆ.

ಮಗನೂ ಆಗದಿದ್ದರೆ ಊರಿದೆ. ನಿಮ್ಮ ಜಿಲ್ಲೆಯದೇ ಮಟ್ಟುಗುಳ್ಳ ನೋಡಿ. ಕಟಪಾಡಿ ಹತ್ತಿರದ ಮಟ್ಟು ಗ್ರಾಮದ ಬದನೆ. ಸೋದೆಯ ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಎಂದು ಜನ ನಂಬುತ್ತಾರೆ. ಅದನ್ನು ಒಂದು ಮನೆ ಉಳಿಸಿದ್ದಲ್ಲ. ಇಡೀ ಊರು ಬೆಳೆಯಿತು, ಮೊದಲ ಕಾಯಿ ಕೃಷ್ಣ ಮಠಕ್ಕೆ ಕೊಟ್ಟಿತು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ನಿಮ್ಮ ಬೀಜವನ್ನೂ ಕೇರಿಗೆ ಹಂಚಿ. ಸೊಸೆಗೆ ಒಂದೇ ಒಂದು ಕೇಳಿ, ಅವಳ ಶಾಲೆಯ ಅಂಗಳದಲ್ಲಿ ಬಿಸಿಯೂಟಕ್ಕೆ ಹರಿವೆ, ಬಸಳೆ ಹಾಕಲು ಜಾಗ ಇದೆಯಾ ಎಂದು. ಇದ್ದರೆ ನೀವೇ ಒಂದು ದಿನ ಹೋಗಿ ಮಕ್ಕಳ ಕೈಯಿಂದ ನೆಡಿಸಿ.

ಪ್ರಶ್ನೆ: ಅಪ್ಪ ಹೋದ ಮೇಲೆ ಆಸ್ತಿ ಪಾಲಾಯಿತು. ಮನೆ, ಹಿತ್ತಲು ಅಣ್ಣನ ಪಾಲಿಗೆ ಬಂತು. ಸಾಲ ಇತ್ತು, ಮಾರಿದ್ದಾನೆ. ಮುಂದಿನ ತಿಂಗಳು ಜೆಸಿಬಿ ಬರುತ್ತದೆ. ನಾನಿರುವುದು ಬಾಡಿಗೆ ಮನೆಯಲ್ಲಿ, ಮಹಡಿಯ ಮೇಲೆ ಹತ್ತು ಕುಂಡ ಇಡುವಷ್ಟು ಜಾಗ ಇದೆ. ಅಣ್ಣನ ಜೊತೆ ಮಾತು ಬಿಟ್ಟು ನಾಲ್ಕು ತಿಂಗಳಾಯಿತು. ಕಡೇ ಸಲ ಹೋಗಿ ಬರುತ್ತೇನೆ. ಏನು ತರಲಿ?
– ಓದುಗರು, ಹಾನಗಲ್

ಉತ್ತರ: ತಮ್ಮಾ, ಬೆಳಿಗ್ಗೆ ಬೇಗ ಹೋಗಿ, ಒದ್ದೆ ಗೋಣಿಚೀಲ ನಾಲ್ಕು ಒಯ್ಯಿರಿ. ತೊಂಡೆ ಬಳ್ಳಿಯಲ್ಲಿ ಪೆನ್ಸಿಲ್ ದಪ್ಪದ ಬಲಿತ ಕಡ್ಡಿ, ನಾಲ್ಕು ಗಿಣ್ಣು ಇರುವಂತೆ ಕತ್ತರಿಸಿ. ಬುಡ ಯಾವುದು, ತುದಿ ಯಾವುದು ಎಂದು ಮರೆಯದ ಹಾಗೆ ಬುಡವನ್ನು ಓರೆಯಾಗಿ ಕತ್ತರಿಸಿ. ಬಸಳೆಯೂ ಹಾಗೇ, ಬೆರಳು ದಪ್ಪದ್ದು. ದೊಡ್ಡಪತ್ರೆ ಒಂದು ಕೊಂಬೆ ಮುರಿದರೆ ಸಾಕು. ಒಂದೆಲಗ ಬೇರಿನ ಹೆಂಟೆ ಸಮೇತ ಎತ್ತಿ. ಕರಿಬೇವಿನ ದೊಡ್ಡ ಗಿಡ ಬರುವುದಿಲ್ಲ, ಬುಡದ ಸುತ್ತ ಬೇರಿನಿಂದ ಎದ್ದ ಮರಿಗಿಡ ಇರುತ್ತದೆ, ಅದನ್ನು ತಾಯಿಬೇರಿನ ಚೂರಿನ ಜೊತೆ ತೆಗೆಯಿರಿ. ನುಗ್ಗೆ ಇದ್ದರೆ ತೋಳು ದಪ್ಪದ, ಮೂರಡಿ ಉದ್ದದ ಕೊಂಬೆ. ಅದು ಕುಂಡದಲ್ಲಿ ಬಹಳ ಕಾಲ ನಿಲ್ಲುವುದಿಲ್ಲ, ಪರಿಚಯದವರ ಜಾಗದಲ್ಲಿ ನೆಡಿ. ಅರಿಸಿನ, ಶುಂಠಿ, ಕೆಸುವಿನ ಗಡ್ಡೆ ಈಗ ಮೇ ತಿಂಗಳಲ್ಲಿ ಮಣ್ಣಿನೊಳಗೆ ಕಣ್ಣು ಬಿಡುತ್ತಿರುತ್ತವೆ. ಇದೇ ಸರಿಯಾದ ಸಮಯ.

ಬಚ್ಚಲ ನೀರು ಹೋಗುತ್ತಿದ್ದ ಜಾಗದ ಕಪ್ಪು ಮಣ್ಣು ಒಂದು ಚೀಲ ತನ್ನಿ. ಎಷ್ಟು ವರ್ಷದ ಬೂದಿ, ಸಗಣಿ, ಸೊಪ್ಪು ಅದರಲ್ಲಿದೆ ಎಂದು ನಿಮಗೇ ಗೊತ್ತು. ಹತ್ತೂ ಕುಂಡಕ್ಕೆ ಎರಡೆರಡು ಹಿಡಿ ಬೆರೆಸಿ. ಒಣಗಿದ ಕಾಯಿ ಬೇಲಿಯಲ್ಲಿ ಎಲ್ಲಾದರೂ ನೇತಾಡುತ್ತಿದೆಯಾ ಎಂದು ಒಂದು ಸುತ್ತು ನೋಡಿ, ಹೀರೆ ಇರಬಹುದು, ಅವರೆ ಇರಬಹುದು.

ಸುವರ್ಣಗಡ್ಡೆ ಎಲ್ಲಿತ್ತು ಎಂದು ನೆನಪಿದೆಯಾ? ಈಗ ಮೇಲೆ ಎಲೆ ಇರುವುದಿಲ್ಲ, ಜಾಗ ಗುರುತಿಲ್ಲದೆ ಅಗೆದರೆ ಗುದ್ದಲಿ ಗಡ್ಡೆಗೇ ಬೀಳುತ್ತದೆ. ಅಪ್ಪನ ಜೊತೆ ವರ್ಷವರ್ಷ ಅಗೆದದ್ದು ಅಣ್ಣ ಎಂದು ಬರೆದಿದ್ದೀರಿ. ಹೋಗುವ ಹಿಂದಿನ ದಿನ ಅವನಿಗೆ ಫೋನ್ ಮಾಡಿ. ಬೇರೆ ಏನೂ ಮಾತಾಡಬೇಕಿಲ್ಲ, ಸುವರ್ಣಗಡ್ಡೆ ಯಾವ ಮೂಲೆಯಲ್ಲಿತ್ತು ಎಂದು ಕೇಳಿ. ಬಂದರೆ ಅವನು ಅಗೆಯಲಿ, ನೀವು ಮಣ್ಣು ಎತ್ತಿ. ಗಡ್ಡೆ ಕತ್ತರಿಸುವಾಗ ಪ್ರತಿ ತುಂಡಿನಲ್ಲೂ ನಡುವಿನ ಮೊಳಕೆಯ ಒಂದು ಪಾಲು ಬರಬೇಕು, ನೆನಪಿರಲಿ. ಅವನಿಗೊಂದು ತುಂಡು, ನಿಮಗೊಂದು ತುಂಡು.